ಗೆಳತಿ ಹಚ್ಚೆ

೨೦೧೧ರಲ್ಲಿ ನಾನು ನಾರಾಯಣಖೇಡ ಭಾಗದ ಆರೋಗ್ಯ ಮೇಲ್ವಿಚಾರಕಿಯಾಗಿದ್ದೆ. ತೆಲಂಗಾಣ ಹೋರಾಟದ ಕಾವು ಏರಿದ್ದ ವರ್ಷ ಅದು. ಜಹೀರಾಬಾದಿನ ಸಂತೆಯಲ್ಲಿ ಹುಡುಗರು ಸಾಲುಗಟ್ಟಿ ನಿಂತು ಮುಂಗೈ ಮೇಲೆ ‘ಜೈ ತೆಲಂಗಾಣ’ ಎಂದು ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ಎಲ್ಲರಿಗೂ ಒಂದೇ ಸೂಜಿ. ನಡುವೆ ಅರಿಶಿನದ ನೀರಿಗೆ ಅದ್ದಿದರೆ ಶುದ್ಧವಾಯಿತೆಂದು ಲೆಕ್ಕ.

ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಹೆಪಟೈಟಿಸ್-ಬಿ ಎಂಬ ಯಕೃತ್ತಿನ ಸೋಂಕು, ಕಣ್ಣಿಗೆ ಕಾಣದಷ್ಟು ರಕ್ತ ಸೂಜಿಗೆ ಅಂಟಿದ್ದರೂ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಅರಿಶಿನಕ್ಕೆಲ್ಲ ಅದು ಜಗ್ಗುವುದಿಲ್ಲ. ಪರವಾನಗಿ ಇಲ್ಲದೆ ಹಚ್ಚೆ ಹಾಕಕೂಡದು, ಕಿವಿ ಚುಚ್ಚಕೂಡದು ಎಂದು ಆದೇಶ ಹೊರಡಿಸಿರೆಂದು ಅಧಿಕಾರಿಯೊಬ್ಬರನ್ನು ಕೇಳಿದೆ.

“ಯಾವ ರೂಲ್ ಕೆಳಗ ಮಾಡ್ಲಿ ಹೇಳ್ರಿ ಮೇಡಂ? ಚಹಾದಂಗಡಿಗಿ ಲೈಸೆನ್ಸ್ ಅದ, ಹಚ್ಚಿಗಿ ಎಲ್ಲದ?” ಎಂದರು ಅವರು. ನಾನೂ ಹುಡುಕಿದೆ. ನಮ್ಮ ಕೈಗೆ ಸಿಕ್ಕ ಯಾವ ನಿಯಮದಲ್ಲೂ ಹಚ್ಚೆಯ ಮಾತೇ ಇರಲಿಲ್ಲ.

ಕೊನೆಗೆ ನಾನೇ ಹಚ್ಚೆ ಹಾಕುವವರ ಮನೆ ಮನೆಗೆ ತಿರುಗಿದೆ. ಒಬ್ಬೊಬ್ಬರಿಗೆ ಒಂದೊಂದು ಹೊಸ ಸೂಜಿ, ಬಳಸಿದ ಮೇಲೆ ಎಸೆಯಬೇಕು ಎಂದು ಹೇಳಿ ಸೂಜಿಯ ಪೊಟ್ಟಣ ಕೊಟ್ಟೆ. ಹೆಚ್ಚಿನವರು ನಕ್ಕು ಸುಮ್ಮನಾದರು. ಮನೂರ್ ಕಡೆಯ ಗುಂಡಮ್ಮ ಮಾತ್ರ ಪೊಟ್ಟಣ ಮುಗಿದಾಗಲೆಲ್ಲ ಶೇರ್ ಆಟೋ ಹತ್ತಿ ಬಂದು ಇನ್ನೊಂದು ಒಯ್ಯುತ್ತಿದ್ದಳು. ಅವಳ ವಿಷಯ ನಾಲ್ಕು ಜನರೆದುರು ಹೇಳಿಕೊಂಡು ಬೀಗುತ್ತಿದ್ದೆ.

ಮುಷ್ಕರದಿಂದ ಬಸ್ಸು ನಿಂತಿದ್ದ ದಿನಗಳಲ್ಲಿ ಗುಂಡಮ್ಮನ ಊರಿನ ಮಂಗಲಾಗೆ ಕಾಮಾಲೆ ಬಂತು. ಮದುವೆ ಗೊತ್ತಾಗಿದ್ದ ಹುಡುಗಿ. ಆಟೋದಲ್ಲಿ ಬೀದರಿಗೆ ಒಯ್ದರು. ಹೆಪಟೈಟಿಸ್-ಬಿ ಎಂದು ತಿಳಿಯುವ ಹೊತ್ತಿಗೆ ಯಕೃತ್ತು ಪೂರ್ತಿ ಸೋತಿತ್ತು. ಈ ರೋಗದಿಂದ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ, ಮಂಗಲಾ ಚೇತರಿಸಿಕೊಳ್ಳಲಿಲ್ಲ. ಮದುವೆಗೆ ಬರಬೇಕಿದ್ದ ನೆಂಟರು ಅವಳ ಮಣ್ಣಿಗೆ ಬಂದರು.

ಅವಳ ಮುಂಗೈ ಮೇಲೆ ಕೆಲವು ತಿಂಗಳ ಹಿಂದಿನ ಹಚ್ಚೆ ಇತ್ತೆಂದು ತಿಳಿದು ನೇರ ಗುಂಡಮ್ಮನ ಮನೆಗೆ ಹೋದೆ.

“ಎಲ್ಲಾರಿಗೂ ಸೂಜಿ ಬದ್ಲಿ ಮಾಡೀನ್ರಿ,” ಎಂದಳು. “ಮಂಗಲಾ, ರಮಾ ಗೆಳತಿ ಹಚ್ಚಿ ಹಾಕಿಸ್ಕೊಂಡ್ರು. ಅದಕ್ಕ ಇಬ್ಬರಿಗೂ ಒಂದೇ ಸೂಜಿ ಬೇಕ್ರಿ. ಬದ್ಲಿ ಮಾಡಿದ್ರ ಗೆಳೆತನ ಹರೀತದ ಅಂತಾರ. ಹೊಸಾ ಸೂಜೀನೇ ತಗದಿದ್ದೆ ನಾ.”

ಒಬ್ಬಳು ಗಂಡನ ಮನೆಗೆ ಹೋಗುವ ಮುಂಚೆ ಇಬ್ಬರು ಗೆಳತಿಯರು ಒಂದೇ ಗುರುತು ಹಾಕಿಸಿಕೊಳ್ಳುವುದು ಆ ಊರಿನ ರೂಢಿ. ಅವಳಿಗೊಂದು ಚುಕ್ಕೆ, ಇವಳಿಗೊಂದು ಚುಕ್ಕೆ, ಹೀಗೆ ಸರದಿಯಲ್ಲಿ ಚುಚ್ಚುತ್ತಾರೆ.

ರಮಾಳ ರಕ್ತ ಪರೀಕ್ಷೆ ಮಾಡಿಸಿದೆವು. ಅವಳಲ್ಲಿ ಸೋಂಕಿತ್ತು. ಅವಳ ತಾಯಿಯಲ್ಲೂ ಇತ್ತು. ಹುಟ್ಟುವಾಗಲೇ ತಾಯಿಯಿಂದ ಬಂದಿರಬೇಕು, ಇಷ್ಟು ವರ್ಷ ಏನೂ ತೊಂದರೆ ಕೊಡದೆ ಮೈಯಲ್ಲಿ ಉಳಿದಿದೆ ಎಂದರು ಡಾಕ್ಟರು. “ಅವಳಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಡಿ, ಜೀವಮಾನವಿಡೀ ಕೊರಗುತ್ತಾಳೆ” ಎಂದೂ ಸೇರಿಸಿದರು.

ರಮಾ ಒಬ್ಬಳೇ ಆಸ್ಪತ್ರೆಗೆ ಬಂದಳು. ಕೂರು ಎಂದರೂ ಕೂರಲಿಲ್ಲ.

“ನನ್ನಿಂದ ಆಕಿಗಿ ಬಂತೇನ್ರಿ ಮೇಡಂ?”

ಇಲ್ಲ ಎನ್ನಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ, ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಈ ಹುಡುಗಿ ನಾಳೆ ಮದುವೆಯಾಗುವವಳು, ತಾಯಿಯಾಗುವವಳು. ಮೈಯಲ್ಲಿ ಏನಿದೆಯೆಂದು ಗೊತ್ತಿಲ್ಲದೆ ಗಂಡನಿಗೆ, ಹುಟ್ಟಿದ ಕೂಡಲೇ ಕೂಸಿಗೆ ಲಸಿಕೆ ಹಾಕಿಸಿ ಹೇಗೆ ಕಾಪಾಡಿಯಾಳು?

“ಹೌದವ್ವ, ಬಹಳ ಮಾಡಿ ನಿನ್ನಿಂದೇ ಬಂದದ. ನಿನಗ ಗೊತ್ತಿರಲಿಲ್ಲ. ನಿಂದೇನೂ ತಪ್ಪಿಲ್ಲ.”

ಅವಳು ಮುಂಗೈಯ ಚುಕ್ಕೆಗಳನ್ನು ಸೆರಗಿನಿಂದ ಮುಚ್ಚಿಕೊಂಡಳು. “ಆಕಿ ನೋವಾಗ್ತದ, ಬ್ಯಾಡ ಅಂದಿದ್ಳ್ರಿ. ನಾನೇ ಕೈ ಹಿಡ್ದು ಕೂಡ್ಸಿದೆ.”

ನನಗೆ ಅಳು ತಡೆಯಲಾಗಲಿಲ್ಲ. ರಮಾ ಅಳಲಿಲ್ಲ.

ಊರಿನವರು ಗುಂಡಮ್ಮನ ಮನೆಯ ಮುಂದೆ ಹಾಯುವುದನ್ನೂ ಬಿಟ್ಟರು, ಅವಳು ಕಸುಬು ಬಿಟ್ಟಳು. ಆಮೇಲೆ ನಾನು ಎಲ್ಲಿ ಹೋದರೂ, ಸೂಜಿ ಬದಲಿಸುತ್ತೀರಾ ಎಂದು ಕೇಳಿ ಎದ್ದು ಬರುತ್ತಿರಲಿಲ್ಲ. ಯಾವಾಗ ಬದಲಿಸುವುದಿಲ್ಲ ಎಂದು ಕೇಳುತ್ತಿದ್ದೆ. ನೌಕರಿ ನನಗೆ ಕಲಿಸಿದ ಪಾಠ ಇದು. ಇದಕ್ಕೆ ಒಂದು ಜೀವ ಹೋಗಬೇಕಾಯಿತು ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಕೆಲವು ವರ್ಷಗಳ ನಂತರ ರಮಾ ಹೆರಿಗೆಗೆ ನಮ್ಮಲ್ಲಿಗೇ ಬಂದಳು. ಒಳಗೆ ಕಾಲಿಡುತ್ತಲೇ ತನ್ನ ಸೋಂಕಿನ ವಿಷಯ ನರ್ಸಿಗೆ ತಾನೇ ಹೇಳಿದಳು. ಕೂಸು ಹುಟ್ಟಿದ ಕೂಡಲೇ, “ಮೊದ್ಲು ಇದಕ್ಕ ಲಸಿಕಿ ಹಾಕ್ರಿ, ಆಮ್ಯಾಲ ನನಗ ತೋರಸ್ರಿ” ಎಂದಳು. ನಾನೇ ಹಾಕಿದೆ. ಹೆರಿಗೆಯ ನೋವಿನಲ್ಲೂ ಹಲ್ಲು ಕಚ್ಚಿ ಸುಮ್ಮನಿದ್ದವಳು, ಆ ಪುಟ್ಟ ತೊಡೆಗೆ ಸೂಜಿ ತಾಗಿದಾಗ ಮಂಗಲಾಳ ಹೆಸರು ಹಿಡಿದು ಅತ್ತಳು.