ಎರ್ಲಿಂದಾ ಮೇಜಿನ ಮೇಲೆ ಕೈಯಿಟ್ಟ ಮಾತು

ನಮ್ಮೂರಿನ ಸಭೆಯಲ್ಲಿ ಹೊರಗಿನವನ ಮಾತಿಗೆ ತೂಕವಿಲ್ಲ. ಊರಿನವರೊಬ್ಬರು ಎದ್ದು ಮೇಜಿನ ಮೇಲೆ ಅಂಗೈ ಊರಿ, ‘ಈ ಮಾತಿಗೆ ನಾನಿದ್ದೇನೆ’ ಎನ್ನಬೇಕು. ಎಕ್ವಡಾರಿನ ಈ ಕಡಲಂಚಿನ ನೆಲ ಊರೊಟ್ಟಿನದು. ಅದರ ಬಗ್ಗೆ ಆಡಿದ ಮಾತಿಗೆ ಮಾತ್ರ ಯಾರಾದರೊಬ್ಬರು ಹೊಣೆಯಾಗಬೇಕು.

ಎರ್ಲಿಂದಾ ತೊಮಾಲಾ ಹಾಗೆ ಅಂಗೈ ಊರಿದಾಗ ಅವಳಿಗೆ ಹತ್ತೊಂಬತ್ತು ವರ್ಷ. ನನ್ನ ಚಿಕ್ಕಮ್ಮನ ಮಗಳು. ನಾಲ್ಕು ವರ್ಷ ಮೀನಿನ ಲಾರಿಯ ಹಿಂದೆ ನಿಂತು ಪಟ್ಟಣದ ಹೈಸ್ಕೂಲಿಗೆ ಹೋದವಳು. ಒಂದು ಕೈಯಲ್ಲಿ ಬಾಳೆಕಾಯಿಯ ಉಂಡೆ, ಕಂಕುಳಲ್ಲಿ ಇಂಗ್ಲಿಷ್ ಪುಸ್ತಕ. ಕಲಿಸುತ್ತಿದ್ದವರು ನಮ್ಮೂರಿನವರೇ ಆದ ವೆಲಿಂಗ್ಟನ್ ಯಾಗುವಾಲ್ ಮೇಷ್ಟ್ರು. ಮನೆಗೆ ಕರೆದು ಪುಕ್ಕಟೆ ಪಾಠ ಹೇಳುತ್ತಿದ್ದರು. ಸ್ವಂತ ನಿಘಂಟನ್ನೇ ಕೊಟ್ಟಿದ್ದರು.

ಆ ಕಲಿಕೆ ಊರಿಗೆಲ್ಲ ಉಪಯೋಗಕ್ಕೆ ಬಂತು. ದೋಣಿಯ ಎಂಜಿನ್ನಿನ ಪುಸ್ತಕ ಓದಿ, ಎಲ್ಲಿ ಕೆಟ್ಟಿದೆಯೆಂದು ಬೆರಳಿಟ್ಟು ತೋರಿಸುತ್ತಿದ್ದಳು. ಪೆತಿತಾ ಅಜ್ಜಿಯ ಮಗಳು ನ್ಯೂಯಾರ್ಕಿನಿಂದ ಕಳಿಸುವ ಮಾತ್ರೆಗಳನ್ನು ಬೆಳಗಿನದು, ರಾತ್ರಿಯದು ಎಂದು ಬೇರೆ ಮಾಡಿಕೊಡುತ್ತಿದ್ದಳು.

ಆಮೇಲೆ ಮೇಷ್ಟ್ರು ಒಬ್ಬ ಬಿಳಿಯನನ್ನು ಕರೆತಂದರು. ಗುಡ್ಡದ ಮೇಲೆ ಅವನಿಗೆ ಪ್ರವಾಸಿಗರ ತಂಗುಮನೆ ಕಟ್ಟಬೇಕಿತ್ತು. ನಮ್ಮ ದೋಣಿಗಳು ಕಡಲಿಗಿಳಿಯುವ ದಾರಿ ಆ ಗುಡ್ಡದ ಮೇಲೆಯೇ ಹಾದುಹೋಗುತ್ತದೆ. ಕರಾರು ಒಂದು ಹಾಳೆ ಸ್ಪ್ಯಾನಿಷಿನಲ್ಲಿ, ಷರತ್ತುಗಳು ಆರು ಹಾಳೆ ಇಂಗ್ಲಿಷಿನಲ್ಲಿ.

“ಮೇಷ್ಟ್ರೇ, ಆ ಆರು ಹಾಳೆ ಒಂದ್ಸಲ ನೋಡ್ಲಾ?” ಎಂದು ಸಭೆಯ ದಿನ ಬೆಳಿಗ್ಗೆ ಎರ್ಲಿಂದಾ ಕೇಳಿದ್ದಳು.

“ನಾನು ಓದಿದ್ದೀನಲ್ಲ ಮಗಳೇ. ಅವನು ಬಾಯಲ್ಲಿ ಹೇಳೋದೇ ಅದರಲ್ಲಿರೋದು. ನಾಲ್ಕು ವರ್ಷ ನಿನ್ನ ಉತ್ತರಪತ್ರಿಕೆ ತಿದ್ದಿದೋನು, ನನ್ನ ಓದಿನ ಮೇಲೆ ನಂಬಿಕೆ ಇಲ್ವಾ?”

ಅವಳಿಗೆ ನಾಚಿಕೆಯಾಯಿತು. “ಹಾಗಲ್ಲ. ಆದ್ರೆ ನೀವೇ ಕೈಯಿಡಬಹುದಲ್ಲ?”

“ಕರ್ಕೊಂಡು ಬಂದೋನೇ ಕೈಯಿಟ್ರೆ ಊರು ಅನುಮಾನ ಪಡತ್ತೆ. ನಿನ್ನನ್ನಾದ್ರೆ ಎಲ್ರೂ ನಂಬ್ತಾರೆ.”

ಸಭೆಯಲ್ಲಿ ಬಿಳಿಯ ನಗುತ್ತಾ ಮಾತಾಡಿದ. ಎರ್ಲಿಂದಾ ಒಂದಕ್ಷರ ಬಿಡದೆ ನಮಗೆ ಹೇಳಿದಳು: ದಾರಿ ಎಂದೆಂದಿಗೂ ನಿಮ್ಮದೇ. ಪೆತಿತಾ ಅಜ್ಜಿ ಎದ್ದು ನಿಂತಳು. “ಅವನ ಹಲ್ಲು ನೋಡ್ಕೊಂಡು ನಾನೇನು ಮಾಡ್ಲಿ? ನೀನು ಹೇಳೇ ಹುಡುಗಿ, ದಾರಿ ಇರತ್ತಾ?”

“ಇರತ್ತೆ ಅಜ್ಜಿ,” ಎಂದು ಎರ್ಲಿಂದಾ ಮೇಜಿನ ಮೇಲೆ ಕೈಯಿಟ್ಟಳು. ನಾವೆಲ್ಲ ಕೈಯೆತ್ತಿದೆವು.

ನಾಲ್ಕು ತಿಂಗಳಿಗೆ ಗುಡ್ಡದ ಸುತ್ತ ಬೇಲಿ ಬಂತು. ದಾರಿಗೆ ಕಬ್ಬಿಣದ ಗೇಟು ಬಂತು. ದೋಣಿಗಳನ್ನು ಬಂಡೆಗಳನ್ನು ಸುತ್ತಿಕೊಂಡು ಹೊತ್ತು ಹೋಗಬೇಕಾಯಿತು. ಎಲೋಯ್ ಮಾವ ಭುಜ ಉಜ್ಜಿಕೊಳ್ಳುತ್ತಾ, “ಬಾರಮ್ಮ ಇಂಗ್ಲಿಷ್ ರಾಣಿ, ಆ ಗೇಟಿಗೂ ಒಂಚೂರು ಇಂಗ್ಲಿಷಲ್ಲಿ ಹೇಳು. ತೆರ್ಕೊಂಡ್ರೂ ತೆರ್ಕೊಂಡೀತು!” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ಅವಳು ತಡೆದುಕೊಂಡಳು. ಆದರೆ ಪೆತಿತಾ ಅಜ್ಜಿ ಮಾತ್ರೆಯ ಡಬ್ಬಿ ಹಿಡಿದು ಇವಳ ಮನೆ ದಾಟಿ ಪಟ್ಟಣದ ಬಸ್ಸು ಹತ್ತಿದ ದಿನ ಅವಳು ಊಟ ಮಾಡಲಿಲ್ಲ.

ಮರುದಿನ ಪಂಚಾಯಿತಿಯ ಪೆಟ್ಟಿಗೆಯಿಂದ ಆ ಆರು ಹಾಳೆ ತೆಗೆಸಿ ಬಾದಾಮಿ ಮರದ ಕೆಳಗೆ ಓದಲು ಕೂತಳು. ನಿಘಂಟು ಬೇಕಾದದ್ದು ಮೂರೇ ಸಲ. ಕೆಲಸ ಶುರುವಾದ ಮೇಲೆ ದಾರಿ ಮುಚ್ಚಲಾಗುವುದು ಎಂದು ನೇರವಾಗಿಯೇ ಬರೆದಿತ್ತು. ಕೊನೆಯ ಹಾಳೆಯಲ್ಲಿ, ಇದನ್ನೆಲ್ಲ ಊರಿಗೆ ಓದಿ ಹೇಳಲಾಗಿದೆ ಎಂಬುದಕ್ಕೆ ತಂಗುಮನೆಯ ಮ್ಯಾನೇಜರನ ರುಜು: ವೆಲಿಂಗ್ಟನ್ ಯಾಗುವಾಲ್. ಅವಳ ಉತ್ತರಪತ್ರಿಕೆಗಳ ಅಂಚಿನಲ್ಲಿ ‘ಶಭಾಷ್’ ಎಂದು ಬರೆಯುತ್ತಿದ್ದ ಅದೇ ದುಂಡು ಅಕ್ಷರ.

ಸಂಜೆ ನಾಲ್ಕರ ಹೊತ್ತಿಗೆ ಅವಳು ಮೇಷ್ಟ್ರ ಬಾಗಿಲಲ್ಲಿ ನಿಂತಿದ್ದಳು. ಎದುರಿನ ಕಟ್ಟೆಯ ಮೇಲೆ ನಾವು ಏಳೆಂಟು ಜನ ಮೀನು ಸೀಳುತ್ತಿದ್ದೆವು. ಅವಳ ಕೈಯಲ್ಲಿದ್ದ ಹಾಳೆಗಳನ್ನು ನೋಡಿದ್ದೇ ಮೇಷ್ಟ್ರು ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಏನೋ ಅಂದರು.

ಎರ್ಲಿಂದಾ ನಮ್ಮ ಕಡೆ ತಿರುಗಿದಳು. “ಒಳಗೆ ಬಾ, ಇವರ ಮುಂದೆ ಬೇಡ ಅಂತಿದ್ದಾರೆ.”

ನಮ್ಮ ಕತ್ತಿಗಳು ನಿಂತವು. ಮೇಷ್ಟ್ರು ಮತ್ತೆ ಇಂಗ್ಲಿಷಿನಲ್ಲೇ ಬೇಡಿಕೊಂಡರು.

“ತಂಗುಮನೇಲಿ ನಂಗೆ ಕೆಲಸ ಕೊಡಿಸ್ತಾರಂತೆ. ದಾರಿ ಮುಚ್ಚತ್ತೆ ಅಂತ ಮೊದಲೇ ಗೊತ್ತಿತ್ತಂತೆ.”

“ಸಾಕು ನಿಲ್ಸೇ!” ಎಂದು ಅವರು ಸ್ಪ್ಯಾನಿಷಿನಲ್ಲಿ ಕೂಗಿದರು. ಮರುಕ್ಷಣವೇ ಮತ್ತೆ ಇಂಗ್ಲಿಷಿಗೆ ಹೊರಳಿ ಒಂದೇ ಒಂದು ವಾಕ್ಯ ಹೇಳಿದರು. ಅದನ್ನು ಎರ್ಲಿಂದಾ ನಮಗೆ ಹೇಳದೆ ಬಿಡಬಹುದಿತ್ತು.

“ಇವರಿಗೆ ಏನೂ ಅರ್ಥ ಆಗಲ್ಲ, ಹಿಂದೆಯೂ ಅರ್ಥ ಆಗಿಲ್ಲ, ಮುಂದೆಯೂ ಆಗಲ್ಲ ಅಂತಿದ್ದಾರೆ,” ಎಂದಳು.

ಪೆತಿತಾ ಅಜ್ಜಿ ಕತ್ತಿ ಕೆಳಗಿಟ್ಟು, ಅಂಗಿಗೆ ಕೈ ಒರೆಸಿಕೊಂಡು ಎದ್ದಳು. “ಅರ್ಥ ಆಯ್ತು ಅಂತ ಹೇಳೇ ಅವನಿಗೆ. ಅವನ ಭಾಷೇಲೇ ಹೇಳು.”

ಎರ್ಲಿಂದಾ ಹೇಳಿದಳು. ಮೇಷ್ಟ್ರು ಬಾಗಿಲು ಹಾಕಿಕೊಂಡರು. ಅವಳು ಆ ಮುಚ್ಚಿದ ಬಾಗಿಲ ಮುಂದೆಯೇ ಅಳುತ್ತಾ ನಿಂತಳು; ಅಜ್ಜಿ ಹೋಗಿ ಮೀನಿನ ವಾಸನೆಯ ಕೈಯಲ್ಲೇ ಅವಳ ರಟ್ಟೆ ಹಿಡಿದು ಸಭೆಯ ಮನೆಗೆ ಕರೆದುಕೊಂಡು ಹೊರಟಳು. ಆರೂ ಹಾಳೆಗಳನ್ನು ಓದಿಸಿ ಕೇಳಲು ನಾವೂ ಹಿಂದೆಯೇ ಹೋದೆವು.