ಬಿದರಕೊಪ್ಪಲಿನ ಬಸ್ಸು

ಕೊಣನೂರಿನ ಸಂತೆಮಾಳದ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದ ಸುಬ್ಬಮ್ಮನನ್ನು ಯಾರೇ ಊರು ಕೇಳಲಿ, ‘ಬಿದರಕೊಪ್ಲು ಕಣಪ್ಪ ನಮ್ದು’ ಎಂದು ಎದೆತುಂಬಿ ಹೇಳುವಳು. ಗಂಟು ಸದಾ ಕಟ್ಟಿಯೇ ಇರುತ್ತಿತ್ತು. ಎದುರಿನ ಬಸ್ ಸ್ಟ್ಯಾಂಡಿಗೆ ಬಿದರಕೊಪ್ಪಲಿನ ಬಸ್ಸು ಬಂತೆಂದರೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುವಳು. ಕಂಡಕ್ಟರ್ ಚಲುವನಾರಾಯಣ, ‘ಬಾರಜ್ಜಿ, ಸೀಟ್ ಇಡ್ದಿಟ್ಟಿವ್ನಿ’ ಎಂದು ಕೂಗುವನು. ‘ನಾಳೀಕ್ ಬತ್ತೀನಿ, ಓಗಪ್ಪ’ ಎಂದು ಇವಳು ಮತ್ತೆ ಕೂರುವಳು. ಆ ನಾಳೆಯನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಬಿದರಕೊಪ್ಪಲಿನಲ್ಲಿ ಅವಳಿಗೇನಿತ್ತು, ಮಣ್ಣು! ಗಂಡ ಬೈರಯ್ಯ ತೀರಿಕೊಂಡ ಮೇಲೆ ಮೈದುನ ಪಾಪಯ್ಯ ಮೊದಲು ಒಲೆ ಬೇರೆ ಮಾಡಿಸಿದ, ಆಮೇಲೆ ಹಿತ್ತಿಲಿಗೆ ದೂಡಿದ, ಕೊನೆಗೆ ಹಿತ್ತಿಲಲ್ಲೂ ಹಸು ಕಟ್ಟಬೇಕು ಎಂದ. ಅವಳು ರಾಮನಾಥಪುರದ ಕಡೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳಿಗೆ ಕೂಲಿಗೆ ಹೋದಳು. ಹಗಲು ಸೊಪ್ಪು ಕಡ್ಡಿಗೆ ಕಟ್ಟುವುದು, ರಾತ್ರಿ ಅದೇ ಸೊಪ್ಪಿನ ಪಕ್ಕ ಮಲಗುವುದು. ಕೆಮ್ಮು ಹತ್ತಿದ ಮೇಲೆ ಯಜಮಾನ ಚನ್ನಪ್ಪ, ಕೆಟ್ಟವನೇನಲ್ಲ, ‘ಮಕ್ಳಿರೋ ಮನೆ ಕಣವ್ವ’ ಎಂದ. ಅಷ್ಟೇ ಅಂದದ್ದು. ಅಲ್ಲಿಂದ ಸಂತೆಮಾಳಕ್ಕೆ ಬಂದಳು. ಕೆಳಗೆ ಸಿಮೆಂಟಿನ ಥಂಡಿ. ಸಂತೆಯ ದಿನ ತರಕಾರಿಯವರು ಬರುವ ಮುಂಚೆ ಎದ್ದು, ಮಳೆಯಿದ್ದರೂ ಹೊರಗೇ ಕೂರಬೇಕು. ಕೆಮ್ಮು ಎದೆಯಲ್ಲಿ ಮನೆ ಮಾಡದೆ ಇನ್ನೇನು ಮಾಡೀತು?

ಎರಡು ಸಾವಿರದ ಮೂರರಲ್ಲಿ, ತಾಲ್ಲೂಕಿನಲ್ಲಿ ಮನೆಯಿಲ್ಲದವರು ಎಷ್ಟು ಜನ, ಅವರಿಗೆ ಏನೇನು ಕಾಯಿಲೆ ಎಂದು ಎಣಿಸುವ ಸಮೀಕ್ಷೆಯೊಂದು ಬಂತು. ಶೆಡ್ಡಿಗೆ ಬಂದವಳು ಗೌತಮಿ, ಹೊಳೆನರಸೀಪುರದ ಅರ್ಚಕರ ಮನೆಯ ಹುಡುಗಿ, ಹೊಸದಾಗಿ ಸೇರಿದ ಆರೋಗ್ಯ ಕಾರ್ಯಕರ್ತೆ. ‘ನಿಮಗೆ ಮನೆ ಇದೆಯೇ?’ ಎಂದು ಕೇಳಬೇಕೆಂದು ಹೇಳಿ ಕಳಿಸಿದ್ದರು. ಕಳಿಸಿದವರಿಗೇನು, ಕುರ್ಚಿಯಲ್ಲಿ ಕೂತು ಹೇಳಿದರು. ನಮ್ಮ ಕಡೆ ಜಗಳ ತೆಗೆಯಬೇಕಾದರೆ ಅನ್ನುವ ಮಾತು ಅದು: ‘ನಿಂಗೆ ಮನೆ ಮಠ ಇಲ್ವಾ?’ ವಯಸ್ಸಾದವರ ಮುಖ ನೋಡಿ ಅದನ್ನು ಕೇಳಲು ಗೌತಮಿಗೆ ನಾಲಿಗೆ ಹೊರಳಲಿಲ್ಲ. ‘ಯಾವೂರಮ್ಮ ನಿಮ್ಮದು?’ ಎಂದು ಕೇಳಿ ಮುಗಿಸಿದಳು. ಊರು ಎಲ್ಲರಿಗೂ ಇತ್ತು, ಎಲ್ಲರೂ ಹೇಳಿದರು. ಸಂತೆಮಾಳದಲ್ಲಿ ಮನೆಯಿಲ್ಲದವರು ಒಬ್ಬರೂ ಇಲ್ಲವೆಂದು ಲೆಕ್ಕವಾಯಿತು. ಸಂತೋಷದ ಸಮಾಚಾರವೇ!

ಆದರೆ ಸುಬ್ಬಮ್ಮನ ಕೆಮ್ಮು ಕೇಳಿದ ಗೌತಮಿ ಕಫವನ್ನು ಪರೀಕ್ಷೆಗೆ ಕಳಿಸಿದ್ದಳು. ಕ್ಷಯ ಎಂದು ಬಂತು. ಕ್ಷಯದ ಮಾತ್ರೆಯನ್ನು ಆಗ ರೋಗಿಯ ಕೈಗೆ ಕೊಡುತ್ತಿರಲಿಲ್ಲ. ಅವರ ಹೆಸರಿನ ಡಬ್ಬ ಅವರ ಊರಿಗೇ ಹೋಗುವುದು, ಅಲ್ಲಿಯ ಅಂಗನವಾಡಿಯವರ ಕಣ್ಣೆದುರಿಗೆ ನುಂಗಬೇಕು. ಸುಬ್ಬಮ್ಮನ ಡಬ್ಬ ಬಿದರಕೊಪ್ಪಲಿಗೆ ಹೋಯಿತು, ಅದೇ ಬಸ್ಸಿನಲ್ಲಿ.

‘ಊರಿಗೆ ಹೋಗಿ ನುಂಗಿ ಅಮ್ಮ, ವಾಸಿಯಾಗುತ್ತೆ. ಬಿಟ್ಟರೆ ಉಳಿಯೋದು ಕಷ್ಟ’ ಎಂದಳು ಗೌತಮಿ.

‘ಓಯ್ತೀನಿ ಬುಡವ್ವ’ ಎಂದಳು ಸುಬ್ಬಮ್ಮ. ಹೋಗಲಿಲ್ಲ. ಬಸ್ಸು ಬಂದಾಗಲೆಲ್ಲ ಎದ್ದು ನಿಂತಳು, ಕೂತಳು. ಕಫದಲ್ಲಿ ರಕ್ತ ಬಂದರೆ ಸೆರಗಿನಲ್ಲಿ ಒರೆಸಿ, ಎಲೆಯಡಿಕೆಯ ಕೆಂಪು ಎಂದಳು. ಜೀವಕ್ಕಿಂತ ಮಾನ ದೊಡ್ಡದಾಯಿತೇ ಈ ಮುದುಕಿಗೆ ಎಂದು ಸಿಟ್ಟು ಬರುತ್ತದೆ. ಆದರೆ ಅವಳ ಬಳಿ ಉಳಿದಿದ್ದದ್ದು ಆ ಊರಿನ ಹೆಸರೊಂದೇ.

ಸ್ವಲ್ಪ ದಿನಕ್ಕೆ ಡಬ್ಬ ಸೀಲು ಒಡೆಯದೆ ವಾಪಸ್ಸು ಬಂತು. ‘ಅಂಥೋರು ನಮ್ಮ ಮನೇಲಿ ಯಾರೂ ಇಲ್ಲ’ ಎಂದಿದ್ದನಂತೆ ಪಾಪಯ್ಯ. ಗೌತಮಿ ಡಬ್ಬ ಹಿಡಿದು ಓಡೋಡಿ ಬಂದಾಗ ಸುಬ್ಬಮ್ಮ ಬಸ್ ಸ್ಟ್ಯಾಂಡಿನ ಪಂಚಾಕ್ಷರಯ್ಯನ ಟೀ ಅಂಗಡಿಯ ಮುಂದೆ ಕೂತಿದ್ದಳು. ಬಿದರಕೊಪ್ಪಲಿನ ಬಸ್ಸು ಪಕ್ಕದಲ್ಲೇ ನಿಂತಿತ್ತು. ಚಲುವನಾರಾಯಣ ಟೀ ಕುಡಿಯುತ್ತಿದ್ದ.

ಗೌತಮಿ ಬಗ್ಗಿ, ‘ಡಬ್ಬ ಪಂಚಾಕ್ಷರಯ್ಯನವರ ಹತ್ತಿರ ಇಟ್ಟು ಇಲ್ಲೇ ನುಂಗಿಸ್ತೀನಿ ಅಮ್ಮ. ಆದರೆ ನೀವು ಶೆಡ್ಡಿನಲ್ಲೇ ಇರೋರು ಅಂತ ಬರೆಸಬೇಕು. ಅದಕ್ಕೆ ನಿಮ್ಮನ್ನ ಒಂದು ಮಾತು…’ ಎಂದು ತಡವರಿಸಿದಳು. ಕಣ್ಣು ತುಂಬಿಕೊಂಡವು.

ಸುಬ್ಬಮ್ಮ ಹುಡುಗಿಯ ಮುಖವನ್ನೂ ಡಬ್ಬವನ್ನೂ ನೋಡಿದಳು. ಅವಳಿಗೆ ಸಾಯಲು ಇಷ್ಟವಿರಲಿಲ್ಲ.

‘ಕೇಳವ್ವ, ಪರವಾಗಿಲ್ಲ.’

‘ನಿಮಗೆ ಮನೆ…’

‘ಇಲ್ಲ.’ ಊರಿನ ಹೆಸರು ಹೇಳುತ್ತಿದ್ದ ಅದೇ ತುಂಬು ದನಿಯಲ್ಲಿ ಹೇಳಿದಳು. ‘ನಂಗೆ ಮನೆ ಮಠ ಏನೂ ಇಲ್ಲ ಕಣವ್ವ. ಬಿದರಕೊಪ್ಲೂ ನಮ್ದಲ್ಲ. ಬರ್ಕೋ.’

ಪಂಚಾಕ್ಷರಯ್ಯ ಒಂದು ಲೋಟ ನೀರು ತಂದುಕೊಟ್ಟ. ಅವಳು ಎಲ್ಲರೆದುರಿಗೆ ಮಾತ್ರೆ ನುಂಗಿದಳು.

ಮಾರನೆಯ ದಿನ ಬಸ್ಸು ಬಂತು. ಸುಬ್ಬಮ್ಮ ಅಭ್ಯಾಸದಂತೆ ಸೆರಗು ಸರಿಮಾಡಿಕೊಂಡು ಎದ್ದಳು. ಚಲುವನಾರಾಯಣ ಅವಳನ್ನು ಕಂಡ. ಇನ್ನು ಕರೆದರೆ ನೊಂದುಕೊಳ್ಳುತ್ತಾಳೆ ಅನಿಸಿತೋ ಏನೋ, ಪಾಪ, ತಲೆ ತಗ್ಗಿಸಿ ಸೀಟಿ ಊದಿದ. ಬಸ್ಸು ಹೊರಟಿತು. ಸುಬ್ಬಮ್ಮ ಕೆಮ್ಮುತ್ತಾ ಅದರ ಹಿಂದೆಯೇ ಹೋಗಿ ಬಸ್ಸಿನ ತಗಡಿಗೆ ಬಡಿದಳು.

‘ಯಾಕಪ್ಪಾ, ಇವತ್ತು ನನ್ನ ಕರೀನೇ ಇಲ್ಲ?’