ಹೆಣದ ಗಾಡಿಯ ಅಳುಮುಂಜಿ

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎಂಬ ಗಾದೆ ಕಟ್ಟಿದವರಿಗೆ ನಮ್ಮ ಭಾವನ ಪರಿಚಯ ಇದ್ದಿರಬೇಕು. ಭಾವ ಎಂದರೆ ನಮ್ಮಕ್ಕನ ಗಂಡ. ಊರಿನ ಹೆಣದ ಗಾಡಿ ಓಡಿಸುತ್ತಾರೆ. ಗಾಡಿಯಲ್ಲಿ ಹೆಣ ಇಲ್ಲದಾಗ ಅವರಷ್ಟು ನಗುವವರು, ನಗಿಸುವವರು ಇನ್ನೊಬ್ಬರಿಲ್ಲ. "ನನ್ನ ಗಾಡಿ ಹತ್ತಿದವರು ಯಾರೂ ಇಲ್ಲಿವರೆಗೆ ಒಂದು ಕಂಪ್ಲೇಂಟ್ ಹೇಳಿಲ್ಲ" ಎಂಬ ಹಳಸಲು ಜೋಕನ್ನು ನಮ್ಮ ಮನೆಗೆ ಮೊದಲ ಸಲ ಕಾಲಿಟ್ಟ ದಿನವೇ ಹೇಳಿದ್ದರು. ಅಪ್ಪನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿತು. ಅಕ್ಕ ಬಿದ್ದು ಬಿದ್ದು ನಕ್ಕಳು. ಹಾಗಾಗಿ ಮದುವೆಯಾಯಿತು.

ಇಂಥ ಮನುಷ್ಯನಿಗೆ ಊರು ಇಟ್ಟ ಹೆಸರು ಅಳುಮುಂಜಿ. ಅದೂ ತಮಾಷೆಗಲ್ಲ, ಭಕ್ತಿಯಿಂದ.

ಅದಕ್ಕೆ ಕಾರಣ ಇಬ್ಬರು. ಒಬ್ಬರು ಗಾಡಿಯ ಮಾಲೀಕರು. ಕೊನೆಯ ನೆಂಟ ಗೇಟು ದಾಟುವವರೆಗೆ ಡ್ರೈವರ್ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಗಾಡಿಯ ಹಿಂಬಾಗಿಲ ಪಕ್ಕ ನಿಂತಿರಬೇಕು ಎಂಬುದು ಅವರ ಕಟ್ಟುನಿಟ್ಟು. ಇನ್ನೊಬ್ಬ ಸ್ಮಶಾನದ ಕಾವಲುಗಾರ. ಉಳಿದ ದಿನ ಹುಲ್ಲಿನ ಗೊಡವೆಗೇ ಹೋಗದ ಆತ, ಯಾರಾದರೂ ಸತ್ತರು ಎಂದು ಗೊತ್ತಾದ ಬೆಳಿಗ್ಗೆ ಮಾತ್ರ, ಸತ್ತವರಿಗೆ ಗೌರವ ಎಂದು, ಗೇಟಿನ ಬಳಿಯ ಹುಲ್ಲಿಗೆ ಕತ್ತರಿಸುವ ಯಂತ್ರ ಹಾಕುತ್ತಿದ್ದ. ಬೇಸಿಗೆಯಲ್ಲಿ ಆ ಹುಲ್ಲು ಮೊಣಕಾಲೆತ್ತರ ಬೆಳೆದು ಹೂಬಿಟ್ಟಿರುತ್ತಿತ್ತು. ಯಂತ್ರ ತಾಗಿದ್ದೇ ತಡ ಹೂವಿನ ಪುಡಿ ಗಾಳಿಗೆ ಏಳುತ್ತಿತ್ತು. ಆ ಪುಡಿಯ ಮಧ್ಯಕ್ಕೆ ಭಾವನ ಗಾಡಿ ಬಂದು ನಿಲ್ಲುತ್ತಿತ್ತು.

ಭಾವನ ಕಣ್ಣೀರನ್ನು ಮೊದಲು ಕಂಡವರು ಮರದ ವ್ಯಾಪಾರಿಯ ಹೆಂಡತಿ. ಗಂಡನನ್ನು ಮಣ್ಣು ಮಾಡುವಾಗ ಇಬ್ಬರು ಗಂಡುಮಕ್ಕಳೂ ಕಲ್ಲಿನ ಹಾಗೆ ನಿಂತಿದ್ದರು. ಗಾಡಿಯ ಪಕ್ಕ ನಿಂತ ಡ್ರೈವರನ್ನು ನೋಡಿದರೆ ಕೆಂಗಣ್ಣು, ಕೆನ್ನೆಯ ಮೇಲೆ ಧಾರೆ. ಬಾಯೊಳಗೆ ಅಂಗುಳ ಬೇರೆ ತುರಿಸುತ್ತಿತ್ತು. ನಾಲಿಗೆಯಿಂದ ಕೆರೆದುಕೊಳ್ಳಲು ಹೋಗಿ ಗಂಟಲಲ್ಲಿ ಏನೋ ಸದ್ದು ಬರುತ್ತಿತ್ತು. ಕೇಳಿದವರಿಗೆ ಅದು ಬಿಕ್ಕು.

"ನೋಡ್ರೋ ನೋಡಿ! ಗಾಡಿ ಓಡ್ಸೋನಿಗೆ ಇರೋ ಕರುಳು ಹೆತ್ತ ಮಕ್ಕಳಿಗಿಲ್ವಲ್ರೋ!" ಎಂದು ಆಕೆ ಅಲ್ಲೇ ಮಕ್ಕಳಿಗೆ ಬೈದರು. ನಾಚಿಕೆಗೋ ಏನೋ, ಇಬ್ಬರೂ ಗೋಳೋ ಎಂದು ಅತ್ತರು. ಅಂದಿನಿಂದ ಭಾವನಿಗೆ ಶುಕ್ರದೆಸೆ. "ಅಳೋ ಡ್ರೈವರನ್ನೇ ಕಳಿಸಿ" ಎಂದು ಕೇಳಿ ಕರೆಸುವವರು ಹೆಚ್ಚಿದರು. ಮಾಲೀಕರ ಮುಖ ಅರಳಿತು.

ಎಲ್ಲಕ್ಕಿಂತ ಹೆಚ್ಚಾಗಿ ನಂಬಿದವರು ಸ್ವತಃ ಭಾವ. "ಏನ್ಮಾಡೋದು ಡಾಕ್ಟ್ರಮ್ಮ, ನನ್ನದು ಬೆಣ್ಣೆ ಮನಸ್ಸು" ಎನ್ನುತ್ತಿದ್ದರು. ನಾನು ಡಾಕ್ಟರಲ್ಲ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ನಾದಿನಿಯನ್ನು ಕೆಣಕಲು ಅವರಿಟ್ಟ ಹೆಸರು ಅದು.

"ಬೆಣ್ಣೆ ಸರಿ, ಆ ಸೀನು?"

"ದುಃಖ ಮೂಗಿಗೂ ಬರುತ್ತಮ್ಮ."

"ಹಾಗಾದ್ರೆ ಚಳಿಗಾಲದಲ್ಲಿ ಸತ್ತವರು ಏನು ಪಾಪ ಮಾಡಿದ್ರು ಭಾವ? ಅವರಿಗೆ ಒಂದು ಹನೀನೂ ಹಾಕಲ್ವಲ್ಲ ನೀವು!"

ಭಾವ ಸ್ವಲ್ಪ ಯೋಚಿಸಿ, "ಚಳಿಗಾಲದಲ್ಲಿ ಸಾಯೋರು ಎಲ್ಲಾ ಅನುಭವಿಸಿ, ತೃಪ್ತಿಯಾಗಿ ಸಾಯ್ತಾರೆ" ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ಇರುತ್ತದೆ. ಇವರು ತಿರುಗಿ ವಾದಿಸುತ್ತಿದ್ದರು.

ಅಕ್ಕನ ಮಗಳ ಶಾಲೆಯ ಆಟೋಟದ ದಿನವೂ ಇದೇ ಕತೆ. ಓಟದಲ್ಲಿ ಅವಳು ಎಲ್ಲರಿಗಿಂತ ಕೊನೆಗೆ ಬಂದಳು. ಮೈದಾನದ ಅಂಚಿನ ಹುಲ್ಲಿನಲ್ಲಿ ನಿಂತಿದ್ದ ಅವಳ ಅಪ್ಪ ಕಣ್ಣುಮೂಗು ಒರೆಸಿಕೊಳ್ಳುತ್ತಿದ್ದರು. "ಅಪ್ಪ, ಸೋತಿದ್ದು ನಾನು. ನಾನೇ ಅಳ್ತಿಲ್ಲ. ಎಲ್ರೂ ನೋಡ್ತಿದ್ದಾರೆ, ಸಾಕು ಮಾಡಪ್ಪ" ಎಂದು ಮಗಳೇ ಸಮಾಧಾನ ಹೇಳಿ ಕರೆತಂದಳು.

ಆದರೆ ಬೇಸಿಗೆಯ ಒಂದು ಬೆಳಿಗ್ಗೆ ತಮಾಷೆ ಮುಗಿಯಿತು. ಒಣಗಾಳಿ ಬೀಸುತ್ತಿತ್ತು, ಗಾಡಿಯ ಕಿಟಕಿ ತೆರೆದಿತ್ತು. ಬೇಕರಿಯ ತಿರುವಿನಲ್ಲಿ ಭಾವನಿಗೆ ಸೀನು ಹಿಡಿಯಿತು. ಒಂದರ ಬೆನ್ನಿಗೆ ಒಂದು. ಸೀನುವಾಗ ಕಣ್ಣು ಮುಚ್ಚದವರು ಯಾರಿದ್ದಾರೆ? ಕಣ್ಣು ಬಿಡುವಷ್ಟರಲ್ಲಿ ಗಾಡಿ ಫುಟ್‌ಪಾತ್ ಹತ್ತಿ ಬೇಲಿಯೊಳಗೆ ಮೂಗು ತೂರಿಸಿತ್ತು. ಪುಣ್ಯಕ್ಕೆ ದಾರಿಯಲ್ಲಿ ಯಾರೂ ಇರಲಿಲ್ಲ. ಹಿಂದಿದ್ದ ಹೆಣದ ಪೆಟ್ಟಿಗೆಗೂ ಏನೂ ಆಗಲಿಲ್ಲ.

"ರೀ, ಸತ್ತವರನ್ನ ಇನ್ನೊಂದ್ಸಲ ಸಾಯಿಸ್ತೀರೇನ್ರೀ? ಜೊತೆಗೆ ಬದುಕಿದವರನ್ನೂ ಕರ್ಕೊಂಡು ಹೋಗ್ತೀರಾ?" ಎಂದು ಅಕ್ಕ ಗಾಡಿಯ ಬೀಗದಕೈ ಕಿತ್ತಿಟ್ಟುಕೊಂಡಳು. ಡಾಕ್ಟರ ಹತ್ತಿರ ಹೋಗಿ ಬಂದರೆ ಕೊಡುತ್ತೇನೆ ಎಂದಳು. ನಾನು ಜೊತೆಗೆ ಹೋದೆ. ನಿಜ ಹೇಳಬೇಕೆಂದರೆ, ನನ್ನ ವಾದ ಗೆಲ್ಲುವುದನ್ನು ಕಣ್ಣಾರೆ ನೋಡಲು ಹೋದೆ.

ಕಿವಿ ಮೂಗು ಗಂಟಲಿನ ಡಾಕ್ಟರು ಭಾವನ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು, ಒಂದೊಂದರ ಮೇಲೂ ಸೂಜಿಮೊನೆ ತಾಗಿಸಿದರು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಧೂಳಿನ ಹನಿ ಸುಮ್ಮನಿತ್ತು, ಬೆಕ್ಕಿನ ಹನಿ ಸುಮ್ಮನಿತ್ತು. ಹುಲ್ಲಿನ ಹನಿ ಇಟ್ಟಲ್ಲಿ ಸೊಳ್ಳೆ ಕಚ್ಚಿದ ಹಾಗೆ ದಪ್ಪಗೆ ಊದಿಕೊಂಡಿತ್ತು.

"ಹುಲ್ಲಿನ ಪರಾಗ" ಎಂದರು ಡಾಕ್ಟರು. "ಅದರಲ್ಲಿ ವಿಷ ಏನಿಲ್ಲ. ಆದ್ರೆ ನಿಮ್ಮ ಮೈ, ಮನೆಗೆ ಬಂದ ನೆಂಟರನ್ನ ಕಳ್ಳರು ಅಂದ್ಕೊಂಡು ಬೊಗಳೋ ನಾಯಿ ಇದ್ದ ಹಾಗೆ. ಸೀನು, ಕಣ್ಣೀರು, ತುರಿಕೆ ಎಲ್ಲಾ ಆ ಬೊಗಳೋದೇ."

ಭಾವ ಊದಿದ ಜಾಗವನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಕೇಳಿದರು: "ಹಾಗಾದ್ರೆ ಡಾಕ್ಟ್ರೇ, ಇಷ್ಟು ದಿನ ನನಗೆ ದುಃಖ ಆಗ್ತಿರಲಿಲ್ವಾ?"

"ಅದಕ್ಕೆ ನನ್ನ ಹತ್ರ ಟೆಸ್ಟ್ ಇಲ್ಲ" ಎಂದು ಡಾಕ್ಟರು ಚೀಟಿ ಬರೆದರು.

ಬರುವ ದಾರಿಯಲ್ಲಿ ಅವರನ್ನು ಹೇಗೆಲ್ಲ ಆಡಿಕೊಳ್ಳಬೇಕೆಂದು ಮಾತು ಜೋಡಿಸಿಟ್ಟುಕೊಂಡಿದ್ದೆ. ಭಾವ ಮುಖ ಕಿಟಕಿಯ ಕಡೆಗೆ ತಿರುಗಿಸಿ, "ನಮ್ಮಮ್ಮ ಹೋಗಿದ್ದು ಚಳಿಗಾಲದಲ್ಲಿ. ನಾನೇ ಗಾಡಿ ಓಡಿಸ್ದೆ. ಒಂದು ಹನಿ ಬರಲಿಲ್ಲ ಕಣಮ್ಮ. ಆಮೇಲೆ ಬೇಸಿಗೆಯಲ್ಲಿ ಊರೋರಿಗೆಲ್ಲ ಅಳೋದು ನೋಡಿ, ಪರವಾಗಿಲ್ಲ, ನಾನೇನು ಕಲ್ಲಲ್ಲ ಅಂದ್ಕೊಂಡಿದ್ದೆ" ಎಂದರು. ಅಯ್ಯೋ ಪಾಪ ಅನ್ನಿಸಿತು. ಗೆದ್ದಿದ್ದಕ್ಕೆ ಬೇಜಾರಾಗಿದ್ದು ಅದೇ ಮೊದಲು.

ಹಾಗೆಂದು ಬಿಡಲಾಗುತ್ತದೆಯೇ? ಡಾಕ್ಟರು ಬರೆದ ಮೂಗಿನ ಸ್ಪ್ರೇಯನ್ನು ಭಾವ ಒಂದೇ ದಿನ ಹಾಕಿಕೊಂಡು "ಇದು ಕೆಲಸ ಮಾಡಲ್ಲ" ಎಂದರು. ಬೆಳಿಗ್ಗೆ ಬೀಜ ಹಾಕಿ ಸಂಜೆ ಹಣ್ಣು ಹುಡುಕುವ ಆಸಾಮಿ! ಅದನ್ನು ದಿನವೂ ಹಾಕಬೇಕು, ಗುಣ ಕಾಣಲು ಕೆಲವು ದಿನ ಹಿಡಿಯುತ್ತದೆ, ಮುಂದಿನ ವರ್ಷ ಹುಲ್ಲು ಹೂಬಿಡುವ ಮುಂಚೆಯೇ ಶುರು ಮಾಡಬೇಕು ಎಂದು ತಲೆಗೆ ತುಂಬಿದೆ. ತಲೆ ಸ್ವಲ್ಪ ಬಗ್ಗಿಸಿ, ಕೊಳವೆಯನ್ನು ಮೂಗಿನ ನಡುಗೋಡೆಗೆ ತಾಗಿಸದೆ ಕಿವಿಯ ಕಡೆಗೆ ತಿರುಗಿಸಿ ಒತ್ತುವುದನ್ನು ಕನ್ನಡಿಯ ಮುಂದೆ ನಿಲ್ಲಿಸಿ ಕಲಿಸಿದೆ. ಮಾಲೀಕರು ಪ್ರೀತಿಯಿಂದ ಕೊಟ್ಟಿದ್ದ ನೆಗಡಿ ಮಾತ್ರೆಯನ್ನು ಕಸಕ್ಕೆ ಹಾಕಿದೆ. ಅದು ಸೀನಿನ ಜೊತೆಗೆ ಡ್ರೈವರನ್ನೂ ಮಲಗಿಸುವ ಮಾತ್ರೆ. ತೂಕಡಿಕೆ ತರದಂಥದ್ದನ್ನು ಡಾಕ್ಟರೇ ಬರೆದಿದ್ದರು.

ಅಕ್ಕ ಮನೆಯೊಳಗಿನ ಕಾನೂನು ಮಾಡಿದಳು. ಬಂದ ಕೂಡಲೇ ಬಟ್ಟೆ ಬಿಚ್ಚಿ ತಲೆಸ್ನಾನ ಮಾಡಬೇಕು, ಟೋಪಿ ಹಾಸಿಗೆಯ ಹತ್ತಿರ ಬರಕೂಡದು. ಬೇಸಿಗೆ ಮುಗಿಯುವವರೆಗೆ ಒಗೆದ ಬಟ್ಟೆ ಹೊರಗಿನ ಹಗ್ಗಕ್ಕೆ ಹೋಗಲಿಲ್ಲ. ಗಾಡಿಯ ಕಿಟಕಿಗಳು ಮೇಲೇರಿದವು. ಕಣ್ಣನ್ನು ಪೂರ್ತಿ ಮುಚ್ಚುವ ಕಪ್ಪು ಕನ್ನಡಕವೂ ಬಂತು. ಅದನ್ನು ಹಾಕಿಕೊಂಡು ಹೆಣದ ಗಾಡಿ ಓಡಿಸುವಾಗ ಭಾವ ಕೊಲೆ ಮಾಡಿ ತಪ್ಪಿಸಿಕೊಳ್ಳುತ್ತಿರುವವರಂತೆ ಕಾಣುತ್ತಿದ್ದರು.

ಸಾವಿನ ದಿನ ಹುಲ್ಲು ಕತ್ತರಿಸಬೇಡ ಎಂದು ಕಾವಲುಗಾರನನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. "ಸತ್ತವರಿಗೆ ಅಷ್ಟೂ ಗೌರವ ಬೇಡ್ವೇನಮ್ಮ?" ಎಂದು ಮುನಿಸಿಕೊಂಡ.

"ಗೌರವ ವಾರ ವಾರ ಕೊಡಪ್ಪ. ಹೂಬಿಡೋಕೆ ಮುಂಚೆನೇ ಕತ್ತರಿಸು. ಸಾಯೋವರೆಗೂ ಯಾಕೆ ಕಾಯ್ತೀಯಾ?" ಎಂದೆ. ಅದು ಅವನಿಗೆ ನಾಟಿತು. ಭಾವ ಗಾಡಿಯನ್ನು ನಲ್ಲಿಯ ಪಕ್ಕದ ಸಿಮೆಂಟಿನ ಮೇಲೆ ನಿಲ್ಲಿಸತೊಡಗಿದರು.

ಕಣ್ಣೀರು ನಿಂತಿತು. ಗಲಾಟೆ ಶುರುವಾಯಿತು. "ದೊಡ್ಡ ಮನೆಯವರ ಸಾವು. ಇವತ್ತೊಂದಿನ ಮಾತ್ರೆ ಬಿಡೋಕಾಗಲ್ವೇನಪ್ಪ?" ಎಂದು ಮಾಲೀಕರು ಗೋಗರೆದರು. "ಹುಷಾರಿಲ್ವಾ?" ಎಂದು ನೆಂಟರು ವಿಚಾರಿಸಿದರು. ಭಾವ ಎಲ್ಲರಿಗೂ ತಲೆಯಾಡಿಸಿ, ಒಣಗಣ್ಣಿನಲ್ಲಿ ಟೋಪಿ ಹಿಡಿದು ನಿಲ್ಲುತ್ತಿದ್ದರು. ಮನೆಯಲ್ಲಿ ಜೋಕುಗಳು ಕಮ್ಮಿಯಾದವು. ತಾನು ಕಲ್ಲೇ ಇರಬೇಕು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ಮರುವರ್ಷ ಹುಲ್ಲು ಹೂಬಿಡುವ ಕಾಲಕ್ಕೇ ನಮ್ಮ ಔಷಧಿ ಅಂಗಡಿಯ ಯಜಮಾನರು ತೀರಿಕೊಂಡರು. ಬೈದು ಬೈದು ನನಗೆ ಕೆಲಸ ಕಲಿಸಿದವರು. ಸ್ಮಶಾನ ತುಂಬ ಜನ. ಮಾಲೀಕರು ದೂರದಿಂದ ತಮ್ಮ ಕಣ್ಣಿಗೆ ಬೆರಳು ತೋರಿಸಿ, ಎರಡು ಹನಿಯಾದರೂ ಹಾಕು ಎಂದು ಭಾವನಿಗೆ ಸನ್ನೆ ಮಾಡುತ್ತಿದ್ದರು. ಭಾವ ಅತ್ತ ನೋಡಲಿಲ್ಲ. ಇದ್ದಕ್ಕಿದ್ದಂತೆ ಟೋಪಿಯನ್ನು ಗಾಡಿಯ ಮೇಲಿಟ್ಟು, ಜಾಗ ಬಿಟ್ಟು ಕದಲದ ಆ ಮನುಷ್ಯ ಗೇಟಿನಾಚೆ ನಡೆದೇಬಿಟ್ಟರು.

ವಾಪಸ್ಸು ಬರುವಾಗ ಅವರ ತೋಳಿಗೆ ನಮ್ಮ ಅಂಗಡಿಯ ಅಜ್ಜಿ ಆತುಕೊಂಡಿದ್ದರು. ಯಜಮಾನರು ಅಂಗಡಿ ತೆರೆದ ಕಾಲದಿಂದ ಕಪಾಟು ಒರೆಸುತ್ತ, ಅವರಿಂದ ನನಗಿಂತ ಹೆಚ್ಚು ಬೈಸಿಕೊಂಡವರು. ಮನೆಯವರ ಮಧ್ಯೆ ತನಗೇನು ಜಾಗ ಎಂದು ಗೋಡೆಯಾಚೆಯೇ ನಿಂತಿದ್ದರಂತೆ. ಕಣ್ಣೊರೆಸಿಕೊಂಡು ಒಳಗೆ ನಡೆಯುವ ಭರದಲ್ಲಿ ನಾನು ಅವರ ಪಕ್ಕದಲ್ಲೇ ಹಾದು ಬಂದಿದ್ದೆ. "ಸ್ವಲ್ಪ ದಾರಿ ಬಿಡಿ, ಇವರು ಅವರ ಅಂಗಡಿಯವರು" ಎಂದು ಭಾವ ಜನರನ್ನು ಸರಿಸಿದರು, ಅಜ್ಜಿಯ ಕೈಗೆ ಒಂದು ಹಿಡಿ ಮಣ್ಣು ಕೊಟ್ಟರು, ಅವರು ಅದನ್ನು ಹಾಕುವವರೆಗೆ ಮೊಣಕೈ ಬಿಡಲಿಲ್ಲ. ಆಮೇಲೆ ಗಾಡಿಯಿಂದ ಮಡಚುವ ಸ್ಟೂಲು ತಂದು ಕೂರಿಸಿದರು.

ಎಲ್ಲ ಮುಗಿದ ಮೇಲೆ ಅಜ್ಜಿಯನ್ನು ಮನೆಗೆ ಬಿಟ್ಟು, ಖಾಲಿ ಗಾಡಿಯ ಮುಂದಿನ ಸೀಟಿನಲ್ಲಿ ನಾನೂ ಭಾವನೂ ಹೊರಟೆವು.

"ಅಷ್ಟು ಜನದಲ್ಲಿ ಅಜ್ಜಿ ಹೇಗೆ ಕಾಣಿಸಿದ್ರು ಭಾವ?"

"ಮೊದಲೆಲ್ಲ ಕಣ್ತುಂಬ ನೀರಮ್ಮ, ಎದುರಿಗಿರೋ ಮರಾನೂ ಮಸುಕು. ಈಗ ಮಾಡೋಕೆ ಬೇರೆ ಏನಿದೆ, ನೋಡ್ತಾ ನಿಲ್ತೀನಿ. ಯಾರ ಕಾಲು ನಡುಗ್ತಿದೆ, ಯಾರು ಹೊರಗೇ ಉಳಿದ್ರು, ಎಲ್ಲಾ ಕಾಣುತ್ತೆ." ಗೇರು ಬದಲಿಸಿ ಮತ್ತೆ ಹೇಳಿದರು: "ಅಳು ಮಾತ್ರ ಇವತ್ತೂ ಬರಲಿಲ್ಲ ನೋಡು. ಕಲ್ಲು."

ಭಾವ, ನೀವು ಕಲ್ಲಲ್ಲ ಎಂದು ಹೇಳಲು ಬಾಯಿ ತೆರೆದೆ. ಮಾತಿನ ಬದಲು ಕಣ್ಣಲ್ಲಿ ನೀರು ಬಂತು. ಮೂಗೂ ಸೇರಿಕೊಂಡಿತು. ಭಾವ ಓರೆಗಣ್ಣಿನಿಂದ ನೋಡಿ, ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ನನ್ನ ಮುಂದೆ ಹಿಡಿದರು. ಎಷ್ಟೋ ದಿನದ ಮೇಲೆ ಆ ತುಂಟ ನಗು ಮುಖಕ್ಕೆ ಬಂದಿತ್ತು.

"ಏನು ಡಾಕ್ಟ್ರಮ್ಮ, ಹುಲ್ಲಾ?"

"ಹೂಂ ಭಾವ, ಹುಲ್ಲೇ" ಎಂದೆ.

ಭಾವ ಮಾತ್ರೆಯನ್ನು ಮತ್ತೆ ಜೇಬಿಗಿಟ್ಟುಕೊಂಡು, ನನ್ನ ಕಡೆಯ ಕಿಟಕಿಯನ್ನೂ ಏರಿಸಿದರು.